ಹಿಮ್ಮಡಿ ನೋವು: ಮಲೆನಾಡಿನಲ್ಲಿ ಭೌತಚಿಕಿತ್ಸೆ ಮತ್ತು ಮುಂಜಾಗ್ರತೆ

ಹಿಮ್ಮಡಿ ಮೂಳೆಯ ತಳದಿಂದ ಹೊರಟು ಐದೂ ಕಾಲ್ಬೆರಳುಗಳ ಬುಡದವರೆಗೆ ಅಂಗಾಲಿನುದ್ದಕ್ಕೂ ಚಾಚಿಕೊಂಡಿರುವ ಗಟ್ಟಿ ತಂತುಪಟ್ಟಿಗೆ ಪ್ಲಾಂಟಾರ್ ಫೇಸಿಯಾ ಎಂದೂ, ಆ ಪಟ್ಟಿ ಹಿಮ್ಮಡಿ ಮೂಳೆಗೆ ಕಚ್ಚಿಕೊಳ್ಳುವ ಜಾಗದಲ್ಲಿ ಕಾಣಿಸಿಕೊಳ್ಳುವ ನೋವಿಗೆ ಪ್ಲಾಂಟಾರ್ ಫೇಸಿಯೈಟಿಸ್ ಎಂದೂ ಹೆಸರು. ಬೆಳಿಗ್ಗೆ ಹಾಸಿಗೆಯಿಂದೆದ್ದು ನೆಲಕ್ಕೆ ಕಾಲೂರಿದಾಗಿನ ಮೊದಲ ಹೆಜ್ಜೆಗಳಲ್ಲಿ ಹಿಮ್ಮಡಿಯ ಒಳಮಗ್ಗುಲು ಚುಚ್ಚಿದಂತೆ ನೋಯುವುದು, ಸ್ವಲ್ಪ ಓಡಾಡಿದ ಮೇಲೆ ನೋವು ಸಡಿಲವಾಗುವುದು, ಹೊತ್ತು ಕಳೆದಂತೆ ನಿಂತು ನಡೆದ ಕೆಲಸದಿಂದ ಮತ್ತೆ ಏರುವುದು, ಊಟಕ್ಕೆಂದು ಕುಳಿತು ಎದ್ದರೆ ಪುನಃ ಚುಚ್ಚುವುದು ಇದರ ಲಕ್ಷಣ. ಜೀವಮಾನದಲ್ಲಿ ಸುಮಾರು ಹತ್ತು ಜನರಲ್ಲಿ ಒಬ್ಬರಿಗೆ ಈ ನೋವು ಬರುತ್ತದೆಂಬುದು ವೈದ್ಯಗ್ರಂಥಗಳಲ್ಲಿ ಒಪ್ಪಿತವಾದ ಅಂದಾಜು. 40ರಿಂದ 60ರ ವಯಸ್ಸಿನವರಲ್ಲಿ ಹೆಚ್ಚು. ಪ್ರಾಣಕ್ಕೆ ಅಪಾಯವಿಲ್ಲದ ಕಾಯಿಲೆಯಾದ್ದರಿಂದ ಇದನ್ನು ಹಗುರವಾಗಿ ಕಾಣುವುದುಂಟು. ಆದರೆ ಕಾಲಮೇಲೆ ನಿಂತೇ ದಿನದ ಸಂಪಾದನೆ ಮಾಡಬೇಕಾದವರಿಗೆ ಇದು ತಿಂಗಳುಗಟ್ಟಲೆ ಕೂಲಿಯನ್ನೇ ಕಸಿಯುವ ಕಾಯಿಲೆ. ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮದಂಚಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಅಂಥವರ ಸಂಖ್ಯೆಯೇ ದೊಡ್ಡದು.

ಅಂಗಾಲಿನ ಕಮಾನು ಕುಸಿಯದಂತೆ ಹಿಡಿದಿಡುವುದು ಈ ಪಟ್ಟಿಯ ಮುಖ್ಯ ಕೆಲಸ. ಹೆಜ್ಜೆ ಮುಂದಿಡುವಾಗ ಹಿಮ್ಮಡಿ ನೆಲ ಬಿಟ್ಟು ಹೆಬ್ಬೆರಳು ಮೇಲಕ್ಕೆ ಮಡಚಿಕೊಂಡ ಕೂಡಲೇ, ಹಡಗಿನ ಲಂಗರು ಎತ್ತುವ ಉರುಳೆಗೆ ಹಗ್ಗ ಸುತ್ತಿಕೊಳ್ಳುವಂತೆ ತಂತುಪಟ್ಟಿಯು ಬೆರಳ ಬುಡದ ಕೀಲಿಗೆ ಸುತ್ತಿಕೊಂಡು ಬಿಗಿಯುತ್ತದೆ. ಅದರಿಂದ ಕಮಾನು ಮೇಲೇಳುತ್ತದೆ, ಪಾದ ಗಡುಸಾಗುತ್ತದೆ, ಮುಂದಕ್ಕೆ ತಳ್ಳುವ ಬಲ ದೊರೆಯುತ್ತದೆ. ಈ ಕ್ರಿಯೆಯನ್ನು ಬ್ರಿಟನ್ನಿನ ಅಂಗರಚನಾತಜ್ಞ ಹಿಕ್ಸ್ 1954ರಲ್ಲಿ ವಿವರಿಸಿದರು. ಹೆಜ್ಜೆ ಎತ್ತುವ ಆ ಗಳಿಗೆಯಲ್ಲಿ ಪಟ್ಟಿಯ ಮೇಲೆ ದೇಹದ ತೂಕಕ್ಕೆ ಹತ್ತಿರ ಹತ್ತಿರದ ಎಳೆತ ಬೀಳುತ್ತದೆ. ಮೀನಖಂಡದ ಸ್ನಾಯುಗಳು ಅಕಿಲೀಸ್ ರಜ್ಜುವಿನ ಮೂಲಕ ಅದೇ ಹಿಮ್ಮಡಿ ಮೂಳೆಯನ್ನು ಹಿಂದಿನಿಂದ ಎಳೆಯುವುದರಿಂದ, ಮೀನಖಂಡ ಬಿಗಿಯಾದಷ್ಟೂ ಅಂಗಾಲಿನ ಪಟ್ಟಿಯ ಮೇಲಿನ ಎಳೆತ ಹೆಚ್ಚುತ್ತದೆ. ಹಿಮ್ಮಡಿ ನೋವಿಗೆ ಮೀನಖಂಡದಿಂದ ಚಿಕಿತ್ಸೆ ಶುರುಮಾಡುವುದೇಕೆ ಎಂಬುದಕ್ಕೆ ಇದೇ ಉತ್ತರ.

ಬಹುಕಾಲ ಈ ನೋವನ್ನು ಉರಿಯೂತವೆಂದೇ ತಿಳಿಯಲಾಗಿತ್ತು. 2003ರಲ್ಲಿ ಲೆಮಾಂಟ್ ಮತ್ತು ಸಂಗಡಿಗರು 50 ಶಸ್ತ್ರಚಿಕಿತ್ಸೆಗಳಲ್ಲಿ ತೆಗೆದ ಅಂಗಾಂಶವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ ಉರಿಯೂತದ ಗುರುತುಗಳಿಗಿಂತ ತಂತುಗಳ ಸವೆತ ಮತ್ತು ಜೋಡಣೆ ಕೆಟ್ಟ ಕುರುಹುಗಳೇ ಕಂಡವು. ಅಂದರೆ ತಾನು ಹೊರಬಲ್ಲದ್ದಕ್ಕಿಂತ ಹೆಚ್ಚಿನ ಭಾರವನ್ನು ದಿನದಿನವೂ ಹೊತ್ತು, ದುರಸ್ತಿಗೆ ಬಿಡುವು ಸಿಗದೆ ಬಳಲಿದ ಅಂಗಾಂಶ ಇದು. ಈ ತಿಳಿವಳಿಕೆ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿದೆ: ಊತ ಇಳಿಸುವುದಕ್ಕಿಂತ, ಪಟ್ಟಿಯ ಹೊರುವ ಶಕ್ತಿಯನ್ನು ಹಂತಹಂತವಾಗಿ ಬೆಳೆಸುವುದು ಮುಖ್ಯವಾಗಿದೆ.

ಎಕ್ಸ್‌ರೇಯಲ್ಲಿ ಹಿಮ್ಮಡಿಯಡಿ ಕಾಣುವ ಮೂಳೆಯ ಮೊನೆಯ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ‘ಹಿಮ್ಮಡಿಯಲ್ಲಿ ಮೂಳೆ ಬೆಳೆದಿದೆ’ ಎಂಬ ಮಾತು ಕೇಳಿದ ರೋಗಿ, ಅದು ಮಾಂಸಕ್ಕೆ ಚುಚ್ಚುತ್ತಿದೆಯೆಂದೂ ಕತ್ತರಿಸಿ ತೆಗೆಯದೆ ಗುಣವಿಲ್ಲವೆಂದೂ ಹೆದರಿ ನಡೆದಾಟವನ್ನೇ ಬಿಡುವುದುಂಟು. ಇಂಥ ಮೊನೆ ಯಾವ ನೋವೂ ಇಲ್ಲದ ಅನೇಕರಲ್ಲಿಯೂ ಇರುತ್ತದೆ, ನೋವಿರುವ ಹಲವರಲ್ಲಿ ಇರುವುದಿಲ್ಲ. ನೋವು ಪೂರ್ತಿ ವಾಸಿಯಾದ ಮೇಲೂ ಎಕ್ಸ್‌ರೇಯಲ್ಲಿ ಅದು ಹಾಗೆಯೇ ಕಾಣುತ್ತದೆ. ಈ ಭಯವನ್ನು ತೆಗೆಯುವುದು ಚಿಕಿತ್ಸೆಯ ಮೊದಲ ಹೆಜ್ಜೆಯೆಂದರೆ ತಪ್ಪಾಗದು.

ಯಾರಿಗೆ ಈ ನೋವು ಹೆಚ್ಚು ಬರುತ್ತದೆಂಬುದನ್ನು ಅಮೆರಿಕದ ರಿಡಲ್ ಮತ್ತು ಸಂಗಡಿಗರು 2003ರಲ್ಲಿ ಪರಿಶೀಲಿಸಿ ಮೂರು ಸಂಗತಿಗಳನ್ನು ಗುರುತಿಸಿದರು: ಪಾದವನ್ನು ಮೊಣಕಾಲಿನ ಕಡೆಗೆ ಮೇಲಕ್ಕೆ ಬಾಗಿಸುವ ಹರಡಿನ ಚಲನೆ ಕುಂದಿರುವುದು, ಸ್ಥೂಲಕಾಯ, ಮತ್ತು ಕೆಲಸದ ಹೊತ್ತಿನ ಬಹುಪಾಲು ನಿಂತೇ ಕಳೆಯುವುದು. ಮೂರನೆಯದು ಮಲೆನಾಡಿನ ದುಡಿಮೆಗೆ ನೇರವಾಗಿ ಹೊಂದುತ್ತದೆ. ತುಂಗೆಯ ದಂಡೆಯ ಶೃಂಗೇರಿ, ಹರಿಹರಪುರಗಳ ಸುತ್ತಲೂ, ಭದ್ರೆಯ ಕಡೆ ಬಾಳೆಹೊನ್ನೂರು, ನರಸಿಂಹರಾಜಪುರಗಳ ಸುತ್ತಲೂ ಅಡಿಕೆ ತೋಟಗಳಿರುವುದು ಕಣಿವೆಯ ತಗ್ಗಿನಲ್ಲಿ, ಮನೆ ಮತ್ತು ಸೊಪ್ಪಿನ ಬೆಟ್ಟಗಳಿರುವುದು ಮೇಲೆ. ಗೊಬ್ಬರ, ಸೊಪ್ಪು, ಅಡಿಕೆ ಕೊನೆ ಯಾವುದನ್ನೇ ಸಾಗಿಸಲಿ, ಹೊರೆ ಹೊತ್ತು ಏರಬೇಕು, ಇಲ್ಲವೇ ಇಳಿಯಬೇಕು. ಏರುವಾಗ ಹಿಮ್ಮಡಿ ಬೆರಳುಗಳಿಗಿಂತ ತಗ್ಗಿನಲ್ಲಿದ್ದು ಮೀನಖಂಡ ಪೂರ್ತಿ ಹಿಗ್ಗಿಕೊಂಡೇ ದುಡಿಯಬೇಕಾಗುತ್ತದೆ. ಇಳಿಯುವಾಗ ಹೆಜ್ಜೆಹೆಜ್ಜೆಗೂ ದೇಹವನ್ನು ತಡೆದು ನಿಲ್ಲಿಸುವ ಹೊಣೆ ಪಾದದ ಮೇಲೆ ಬೀಳುತ್ತದೆ. ಕಾಲಿಗೆ ತಳೆ, ಅಂದರೆ ಎರಡೂ ಪಾದಗಳನ್ನು ಕೂಡಿಸಿ ಹಿಡಿಯುವ ಬಳೆಯಾಕಾರದ ಹಗ್ಗ, ಹಾಕಿಕೊಂಡು ಮರವೇರುವ ಕೊನೆಗಾರನ ದೇಹದ ಭಾರವನ್ನೆಲ್ಲ ಅಂಗಾಲಿನ ನಡುಭಾಗವೇ ಮರಕ್ಕೆ ಒತ್ತಿ ತಾಳಿಕೊಳ್ಳುತ್ತದೆ. ಈಚಿನ ವರ್ಷಗಳಲ್ಲಿ ನೆಲದಲ್ಲೇ ನಿಂತು ಕೊನೆ ಇಳಿಸುವ ಫೈಬರ್ ದೋಟಿಗಳು ಬಂದು ಬೀಳುವ ಅಪಾಯ ತಪ್ಪಿರುವುದು ದೊಡ್ಡ ಸಮಾಧಾನ. ಆದರೆ ಪಾದಗಳ ಮಟ್ಟಿಗೆ ಹೇಳುವುದಾದರೆ ಗಂಟೆಗಟ್ಟಲೆ ನಿಂತಿರುವ ಕೆಲಸ ಅದರಿಂದ ಹೆಚ್ಚಿದೆ.

ತೋಟದವರಿಗಿಂತ ಕಡಿಮೆ ಗಮನ ಸಿಕ್ಕುವವರು ಮನೆಯೊಳಗೆ ದುಡಿಯುವ ಹೆಂಗಸರು. ಸೆಗಣಿ ಸಾರಿಸಿದ ಮಣ್ಣುನೆಲ ಮತ್ತು ಕುಳಿತು ಬೇಯಿಸುವ ಒಲೆಯ ಜಾಗಕ್ಕೆ ಟೈಲ್ಸ್, ಗ್ರಾನೈಟ್ ನೆಲ ಮತ್ತು ನಿಂತು ಬೇಯಿಸುವ ಅಡುಗೆಕಟ್ಟೆ ಬಂದು ಒಂದು ತಲೆಮಾರು ಕಳೆದಿದೆ. ಗಟ್ಟಿ ನೆಲವೊಂದೇ ಕಾರಣವೆನ್ನಲಾಗದು. ಆದರೆ ಬೆಳಗಿನ ತಿಂಡಿಯಿಂದ ರಾತ್ರಿ ಪಾತ್ರೆ ತೊಳೆಯುವವರೆಗೆ ಬರಿಗಾಲಲ್ಲಿ ಒಂದೇ ಕಡೆ ನಿಲ್ಲುವ ಹೊತ್ತು ಹೆಚ್ಚಿರುವುದಂತೂ ನಿಜ. ನಡುವಯಸ್ಸಿನಲ್ಲಿ ತೂಕ ಏರುವ ಕಾಲವೂ ಅದೇ ಆಗಿರುತ್ತದೆ. ಶೃಂಗೇರಿಯಂಥ ಯಾತ್ರಾಸ್ಥಳದಲ್ಲಿ ಅಡುಗೆಯವರು, ಬಡಿಸುವವರು, ಅಂಗಡಿಯವರು, ಎಲ್ಲ ಊರುಗಳಲ್ಲಿ ಶಾಲಾ ಶಿಕ್ಷಕರು, ಶುಶ್ರೂಷಕಿಯರು, ಬಸ್ ಕಂಡಕ್ಟರರು ಇದೇ ಸಾಲಿಗೆ ಸೇರುತ್ತಾರೆ.

ರೋಗನಿರ್ಣಯಕ್ಕೆ ಸಾಮಾನ್ಯವಾಗಿ ಯಂತ್ರಗಳು ಬೇಕಿಲ್ಲ. ರೋಗಿಯ ಮಾತು, ಹಿಮ್ಮಡಿಯ ತಳದ ಒಳಮಗ್ಗುಲನ್ನು ಹೆಬ್ಬೆರಳಿನಿಂದ ಒತ್ತಿದಾಗ ಕಾಣುವ ನೋವು, ಕಾಲ್ಬೆರಳುಗಳನ್ನು ಮೇಲಕ್ಕೆ ಬಾಗಿಸಿದಾಗ ಅದು ಮರುಕಳಿಸುವುದು ಇಷ್ಟು ಸಾಕು. ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿದರೆ ಪಟ್ಟಿಯ ದಪ್ಪ 4 ಮಿಲಿಮೀಟರಿಗಿಂತ ಹೆಚ್ಚಿರುವುದು ಕಾಣುತ್ತದೆ. ಆದರೆ ಹಿಮ್ಮಡಿಯಲ್ಲಿ ನೋವಿದ್ದ ಮಾತ್ರಕ್ಕೆ ಎಲ್ಲವೂ ಇದೇ ಅಲ್ಲ. ಬರಿಗಾಲಲ್ಲಿ ತೋಟ ಸುತ್ತುವವರಲ್ಲಿ ಒಳಗೆ ಮುರಿದು ಉಳಿದ ಮುಳ್ಳು, ಆಣಿ, ಸೋಂಕು ತಗುಲಿದ ಹಿಮ್ಮಡಿಯ ಬಿರುಕು ಇವೆಯೇ ಎಂದು ಮೊದಲು ನೋಡಬೇಕು. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಹಿಸುಕಿದಾಗ ತೀವ್ರ ನೋವಾದರೆ ಮೂಳೆಯ ಸಣ್ಣ ಬಿರುಕನ್ನೂ, ಉರಿ ಮತ್ತು ಜೋಮು ಇದ್ದರೆ ನರದ ಒತ್ತಡವನ್ನೂ, ಮೂವತ್ತರೊಳಗಿನವರಲ್ಲಿ ಎರಡೂ ಹಿಮ್ಮಡಿ ನೋವಿನೊಡನೆ ಬೆಳಿಗ್ಗೆ ಸೊಂಟ ಬಿಗಿದುಕೊಳ್ಳುತ್ತಿದ್ದರೆ ಸಂಧಿವಾತದ ಜಾತಿಯ ರೋಗವನ್ನೂ ಸಂಶಯಿಸಬೇಕು. ಚಿಕುನ್‌ಗುನ್ಯಾ ಜ್ವರ ಬಂದು ಹೋದವರಲ್ಲಿ ಪಾದ ಮತ್ತು ಹರಡಿನ ನೋವು ತಿಂಗಳುಗಟ್ಟಲೆ ಉಳಿಯುವುದುಂಟು. 2006ರಲ್ಲಿ ಕರ್ನಾಟಕದಾದ್ಯಂತ ಹಬ್ಬಿದ ಪಿಡುಗಿನ ಅನುಭವ ಇದನ್ನು ಚೆನ್ನಾಗಿ ಕಲಿಸಿದೆ. ಎಂಟರಿಂದ ಹದಿನಾಲ್ಕರ ಮಕ್ಕಳ ಹಿಮ್ಮಡಿ ನೋವು ಬೆಳೆಯುವ ಮೂಳೆಯಂಚಿಗೆ ಸಂಬಂಧಿಸಿದ ಬೇರೆಯೇ ತೊಂದರೆ. ಜ್ವರ, ರಾತ್ರಿ ನಿದ್ದೆಗೆಡಿಸುವ ನೋವು, ಕಾರಣವಿಲ್ಲದೆ ಇಳಿಯುವ ತೂಕ ಇದ್ದರೆ ವ್ಯಾಯಾಮಕ್ಕೆ ಮೊದಲು ವೈದ್ಯರನ್ನು ಕಾಣಬೇಕು.

ಭೌತಚಿಕಿತ್ಸೆ, ಅಂದರೆ ಜನ ಫಿಸಿಯೋಥೆರಪಿ ಎಂದು ಕರೆಯುವ ಪದ್ಧತಿ, ಇಲ್ಲಿ ಎರಡು ಕಾಲುಗಳ ಮೇಲೆ ನಿಂತಿದೆ: ಹಿಗ್ಗಿಸುವುದು ಮತ್ತು ಬಲಪಡಿಸುವುದು. ಅಂಗಾಲಿನ ಪಟ್ಟಿಯನ್ನೇ ಗುರಿಯಾಗಿಟ್ಟ ಹಿಗ್ಗಿಸುವ ವ್ಯಾಯಾಮದ ಮೇಲೆ ಡಿಜಿಯೊವಾನಿ ಮತ್ತು ಸಂಗಡಿಗರ ಪ್ರಯೋಗ 2003ರಲ್ಲಿ ಪ್ರಕಟವಾಯಿತು. ಮಂಚದಂಚಿನಲ್ಲಿ ಕುಳಿತು ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲೆ ಅಡ್ಡವಿಟ್ಟು, ಅದೇ ಪಕ್ಕದ ಕೈಯಿಂದ ಐದೂ ಕಾಲ್ಬೆರಳುಗಳನ್ನು ಬುಡದಲ್ಲಿ ಹಿಡಿದು ಮೊಣಕಾಲಿನ ಕಡೆಗೆ ಎಳೆಯಬೇಕು. ಇನ್ನೊಂದು ಕೈಯ ಬೆರಳು ಆಡಿಸಿದರೆ ಅಂಗಾಲಿನ ನಡುವೆ ಬಿಗಿದ ತಂತಿ ಕೈಗೆ ಸಿಕ್ಕಬೇಕು. ಸಿಕ್ಕದಿದ್ದರೆ ಎಳೆತ ಸಾಲದು. ಹತ್ತು ಎಣಿಸುವವರೆಗೆ ಹಿಡಿದು ಬಿಡುವುದು, ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೊದಲ ಹೊತ್ತಿನದನ್ನು ಕಾಲು ನೆಲಕ್ಕೆ ತಾಗುವ ಮುಂಚೆಯೇ ಮುಗಿಸಬೇಕೆಂಬುದು ಈ ಕ್ರಮದ ಜೀವಾಳ, ಏಕೆಂದರೆ ರಾತ್ರಿಯಿಡೀ ಸಡಿಲವಾಗಿ ಮುದುಡಿದ್ದ ಪಟ್ಟಿಯ ಮೇಲೆ ಒಮ್ಮೆಗೇ ಪೂರ್ತಿ ತೂಕ ಬಿದ್ದಾಗಲೇ ಆ ಬೆಳಗಿನ ನೋವು ಹುಟ್ಟುತ್ತದೆ. ಇದರೊಡನೆ ಗೋಡೆಗೆ ಕೈಯೂರಿ, ನೋಯುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ಬಾಗಿ ಮೀನಖಂಡವನ್ನು ಹಿಗ್ಗಿಸುವುದೂ ಸೇರುತ್ತದೆ. ಇದನ್ನು ಮೊಣಕಾಲು ನೆಟ್ಟಗಿಟ್ಟು ಒಮ್ಮೆ, ತುಸು ಮಡಚಿ ಒಮ್ಮೆ ಮಾಡಬೇಕು. ಮೀನಖಂಡದ ಮೇಲಿನ ಮತ್ತು ಒಳಗಿನ ಸ್ನಾಯುಗಳೆರಡೂ ಹಿಗ್ಗುವುದು ಆಗಲೇ.

ಬಲಪಡಿಸುವ ಕ್ರಮಕ್ಕೆ ಗಟ್ಟಿ ಆಧಾರ ಒದಗಿದ್ದು ಡೆನ್ಮಾರ್ಕಿನಲ್ಲಿ ರಾಥ್‌ಲೆಫ್ ಮತ್ತು ಸಂಗಡಿಗರು 48 ರೋಗಿಗಳ ಮೇಲೆ ನಡೆಸಿದ ಪ್ರಯೋಗದಿಂದ. ಮಲೆನಾಡಿನ ಮನೆಯಲ್ಲಿ ಇದಕ್ಕೆ ಬೇಕಾದ ಸಲಕರಣೆಗಳೆಲ್ಲ ಇವೆ: ಜಗಲಿಯ ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಕಂಬ, ಒಂದು ಹಳೆಯ ಟವಲು. ಟವಲನ್ನು ಸುರುಳಿ ಸುತ್ತಿ ಮೆಟ್ಟಿಲಿನ ಅಂಚಿನಲ್ಲಿಟ್ಟು, ಕಾಲ್ಬೆರಳುಗಳು ಅದರ ಮೇಲೆ ಮೇಲ್ಮುಖವಾಗಿ ಬಾಗುವಂತೆ ಒಂಟಿ ಕಾಲಲ್ಲಿ ನಿಲ್ಲಬೇಕು. ಹಿಮ್ಮಡಿ ಮೆಟ್ಟಿಲಿನಿಂದ ಹೊರಗಿರಬೇಕು. ಮೂರು ಎಣಿಸುತ್ತ ಹಿಮ್ಮಡಿ ಎತ್ತಿ, ಮೇಲೆ ಎರಡು ಎಣಿಸುವವರೆಗೆ ನಿಂತು, ಮೂರು ಎಣಿಸುತ್ತ ಮೆಟ್ಟಿಲ ಮಟ್ಟಕ್ಕಿಂತ ಕೆಳಗಿಳಿಸಬೇಕು. ಹನ್ನೆರಡು ಸಲಕ್ಕೆ ಕಾಲು ಸೋಲುವಷ್ಟು ಭಾರದಿಂದ ಶುರುಮಾಡಿ ಮೂರು ಸುತ್ತು. ಎರಡು ವಾರ ಕಳೆದ ಮೇಲೆ ಬೆನ್ನಚೀಲಕ್ಕೆ ಪುಸ್ತಕವನ್ನೋ ಅಕ್ಕಿಯನ್ನೋ ತುಂಬಿ ಭಾರ ಹೆಚ್ಚಿಸಿ ಹತ್ತು ಸಲ, ನಾಲ್ಕು ಸುತ್ತು. ಇನ್ನೆರಡು ವಾರಕ್ಕೆ ಇನ್ನೂ ಭಾರವಾಗಿಸಿ ಎಂಟು ಸಲ, ಐದು ಸುತ್ತು. ದಿನ ಬಿಟ್ಟು ದಿನ ಮಾತ್ರ. ಒಂಟಿ ಕಾಲಲ್ಲಿ ಆಗದವರು ಎರಡೂ ಕಾಲಿನಿಂದ ಆರಂಭಿಸಬಹುದು. ಪ್ರಯೋಗದಲ್ಲಿ ಮೂರು ತಿಂಗಳ ಕೊನೆಗೆ ಈ ಕ್ರಮ ಪಾಲಿಸಿದ ಗುಂಪು ಬರಿಯ ಹಿಗ್ಗಿಸುವ ವ್ಯಾಯಾಮ ಮಾಡಿದವರಿಗಿಂತ ಚೇತರಿಕೆಯಲ್ಲಿ ಮುಂದಿತ್ತು. ಹನ್ನೆರಡು ತಿಂಗಳ ಹೊತ್ತಿಗೆ ಎರಡೂ ಗುಂಪು ಸಮನಾಗಿದ್ದವು. ಕೂಲಿಯ ದಿನಗಳನ್ನು ಲೆಕ್ಕ ಹಾಕುವವರಿಗೆ ಮುಂಚಿತವಾಗಿ ಬರುವ ಆ ಚೇತರಿಕೆ ಸಣ್ಣ ಸಂಗತಿಯಲ್ಲ.

ವ್ಯಾಯಾಮದ ಹೊತ್ತಿನಲ್ಲಿ ತುಸು ನೋವಾಗುವುದು ಸಹಜವಾದ್ದರಿಂದ ಹೆದರಿ ನಿಲ್ಲಿಸಬಾರದು. ಮಾರನೆಯ ಬೆಳಗಿನ ಮೊದಲ ಹೆಜ್ಜೆಯೇ ಅಳತೆಗೋಲು: ನೋವು ಎಂದಿನಷ್ಟೇ ಇದ್ದರೆ ಭಾರ ಸರಿಯಾಗಿದೆ, ಹೆಚ್ಚಿದ್ದರೆ ಮುಂದಿನ ಸಲ ಕಡಿಮೆ ಮಾಡಬೇಕು. ಪೂರ್ತಿ ವಿಶ್ರಾಂತಿ ಹೇಳುವುದು ಹಳೆಯ ರೂಢಿ; ಅದು ತೋಟದ ದುಡಿಮೆಯವರಿಗೆ ಆಗದ ಮಾತು ಮಾತ್ರವಲ್ಲ, ಪಟ್ಟಿಯನ್ನು ಇನ್ನಷ್ಟು ದುರ್ಬಲವೂ ಮಾಡುತ್ತದೆ. ಹೊರೆಯನ್ನು ಎರಡು ಸಲಕ್ಕೆ ಹಂಚುವುದು, ನಿಂತು ಮಾಡುವ ಕೆಲಸದ ನಡುವೆ ಅಡಿಕೆ ಸುಲಿಯುವಂಥ ಕುಳಿತ ಕೆಲಸವನ್ನು ಸೇರಿಸುವುದು, ತರಕಾರಿ ಹೆಚ್ಚುವುದನ್ನು ಕುಳಿತೇ ಮಾಡುವುದು ಇವೇ ನಿಜವಾಗಿ ಸಾಧ್ಯವಾಗುವ ವಿಶ್ರಾಂತಿ. ಕೊನೆಯದಕ್ಕೆ ಮನೆಯ ಉಳಿದವರ ಸಹಕಾರವೂ ಬೇಕು. ಅಡುಗೆಮನೆಯ ನಿಲುಗಡೆ ಇಳಿಯದೆ ಬರಿಯ ವ್ಯಾಯಾಮದಿಂದ ಅಲ್ಲಿ ದುಡಿಯುವ ಹೆಂಗಸಿನ ಹಿಮ್ಮಡಿ ವಾಸಿಯಾಗಲೆಂದು ಬಯಸುವುದು ನ್ಯಾಯವಲ್ಲ.

ಅಮೆರಿಕದ ಭೌತಚಿಕಿತ್ಸಾ ಸಂಘದ ಮಾರ್ಗದರ್ಶಿ ಮೊದಲು 2008ರಲ್ಲಿ ಬಂದು 2014 ಮತ್ತು 2023ರಲ್ಲಿ ಪರಿಷ್ಕೃತವಾಗಿದೆ. ಹಿಗ್ಗಿಸುವಿಕೆ, ಬಲಪಡಿಸುವಿಕೆ, ಕೈಯಿಂದ ಕೀಲು ಮತ್ತು ಸ್ನಾಯುಗಳನ್ನು ಸಡಿಲಿಸುವ ಚಿಕಿತ್ಸೆ, ಕೆಲವು ವಾರಗಳ ಮಟ್ಟಿಗೆ ಪಾದಕ್ಕೆ ಟೇಪು ಸುತ್ತುವುದು, ಬೆಳಗಿನ ನೋವು ತೀವ್ರವಾಗಿರುವವರಿಗೆ ಪಾದವನ್ನು ಲಂಬಕೋನದಲ್ಲಿ ಹಿಡಿದಿಡುವ, ರಾತ್ರಿ ಕಟ್ಟಿಕೊಳ್ಳುವ ಆಧಾರಪಟ್ಟಿ ಇವುಗಳನ್ನು ಅದು ಒಪ್ಪುತ್ತದೆ. ಚಪ್ಪಲಿಯೊಳಗಿಡುವ ಮೆತ್ತೆಯನ್ನೇ ನಂಬಿ ಕೂರಬಾರದು, ಉಳಿದವುಗಳ ಜೊತೆಗೆ ಬಳಸಬಹುದು ಎಂಬುದು ಅದರ ನಿಲುವು. ಹಿಗ್ಗಿಸುವ ವ್ಯಾಯಾಮಕ್ಕೆ ಪೂರಕವಾಗಿ ಅಲ್ಟ್ರಾಸೌಂಡ್ ಶಾಖ ಕೊಡುವುದನ್ನು ಅದು ಬೇಡವೆನ್ನುತ್ತದೆ. ‘ಕರೆಂಟ್ ಇಡಿಸಿಕೊಂಡು’ ಬರುವುದೇ ಫಿಸಿಯೋಥೆರಪಿ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗುತ್ತದೆ. ಹಿಮ್ಮಡಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರ ನೋವು ಕಳೆಯಬಲ್ಲದು, ಆದರೆ ಪಟ್ಟಿ ಹರಿಯುವ ಮತ್ತು ಹಿಮ್ಮಡಿಯ ಕೊಬ್ಬಿನ ಮೆತ್ತೆ ಸವೆಯುವ ಅಪಾಯವಿರುವುದರಿಂದ ಪದೇ ಪದೇ ಹಾಕಿಸಿಕೊಳ್ಳುವಂಥದ್ದಲ್ಲ. ತಿಂಗಳುಗಳ ವ್ಯಾಯಾಮಕ್ಕೂ ಜಗ್ಗದ ನೋವಿಗೆ ಆಘಾತ ತರಂಗ ಚಿಕಿತ್ಸೆಯುಂಟು; ಶಸ್ತ್ರಚಿಕಿತ್ಸೆ ಬೇಕಾಗುವುದು ತೀರ ಕೆಲವರಿಗೆ ಮಾತ್ರ, ಹೆಚ್ಚಿನವರು ಒಂದು ವರ್ಷದೊಳಗೆ ಚೇತರಿಸಿಕೊಳ್ಳುತ್ತಾರೆ.

ಈ ಸೀಮೆಯಲ್ಲಿ ಆಯುರ್ವೇದದ ಮಾತು ಬಿಟ್ಟರೆ ವಿವರಣೆ ಪೂರ್ಣವಾಗದು. ಪಾದವನ್ನು ಏರುಪೇರಾಗಿ ಊರುವುದರಿಂದ ವಾತವು ಹರಡಿನ ಬಳಿ ನೆಲೆಸಿ ನೋವುಂಟುಮಾಡುವ ವಾತಕಂಟಕವೆಂಬ ರೋಗವನ್ನು ಸುಶ್ರುತಸಂಹಿತೆ ಹೇಳುತ್ತದೆ. ಇಂದಿನ ಆಯುರ್ವೇದ ವೈದ್ಯರು ಹಿಮ್ಮಡಿ ನೋವನ್ನು ಸಾಮಾನ್ಯವಾಗಿ ಅದಕ್ಕೇ ಹೋಲಿಸುತ್ತಾರೆ. ಕೊಪ್ಪದಲ್ಲಿ ಎ. ಎಲ್. ಎನ್. ರಾವ್ ಸ್ಮಾರಕ ಆಯುರ್ವೇದ ಮಹಾವಿದ್ಯಾಲಯವಿದೆ. ಮನೆಮದ್ದಿನಲ್ಲಿ ಹೆಸರಾದದ್ದು ಎಕ್ಕದೆಲೆಯ ಶಾಖ: ಒಲೆಯಲ್ಲಿ ಕಾಯಿಸಿದ ಇಟ್ಟಿಗೆಯ ಮೇಲೆ ಎಕ್ಕದ ಎಲೆಗಳನ್ನು ಹರಡಿ, ಹಬೆಯೇಳುವಾಗ ಹಿಮ್ಮಡಿಯನ್ನು ಒತ್ತಿ ಒತ್ತಿ ತೆಗೆಯುವುದು. ಶಾಖದಿಂದ ಆ ಹೊತ್ತಿಗೆ ಹಿತವಾಗುವುದು ಸಹಜ, ಬಚ್ಚಲ ಹಂಡೆಯ ಬಿಸಿನೀರಿನಿಂದಲೂ ಅಷ್ಟೇ ಹಿತ ಸಿಗುತ್ತದೆ. ಆ ಹಿತದಲ್ಲೇ ವ್ಯಾಯಾಮ ಮುಗಿಸಿದರೆ ಇನ್ನೂ ಒಳ್ಳೆಯದು. ಆದರೆ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಬಿಸಿ ಇಟ್ಟಿಗೆ ಅಪಾಯಕಾರಿ. ಸುಟ್ಟದ್ದು ತಿಳಿಯದೆ ಹುಣ್ಣಾಗಿ, ಅದು ಮಾಗದೆ, ಹಿಮ್ಮಡಿ ನೋವಿನಿಂದ ಶುರುವಾದದ್ದು ಪಾದಕ್ಕೇ ಎರವಾಗಬಹುದು. ಅಂಥವರಿಗೆ ಎಕ್ಕದೆಲೆಯೂ ಬೇಡ, ಐಸೂ ಬೇಡ.

ಪಾದರಕ್ಷೆಯ ಸಲಹೆಯಲ್ಲಿ ಪಟ್ಟಣದ ಮಾತು ಇಲ್ಲಿಗೆ ಹೊಂದುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ ಸುರಿಯುವ ಕಡೆ ಬೂಟು ಒದ್ದೆಯಾದರೆ ವಾರ ಒಣಗದು. ತೋಟದಲ್ಲಿ ಉಂಬಳ, ಹಾವು, ಮುಳ್ಳುಗಳ ಭಯಕ್ಕೆ ಗಂಬೂಟೇ ಸರಿ. ಆದರೆ ಅದರ ತಳ ಚಪ್ಪಟೆ, ಒಳಗೆ ಮೆತ್ತೆಯಿಲ್ಲ. ತೆಗೆದು ತೊಳೆದು ಒಣಗಿಸಬಹುದಾದ, ಹಿಮ್ಮಡಿಯನ್ನು ತುಸು ಎತ್ತಿಡುವ ಮೆತ್ತೆಯನ್ನು ಹಾಕಿಕೊಂಡರೆ ಎಷ್ಟೋ ಅನುಕೂಲ. ಹಿಮ್ಮಡಿಯ ಕಡೆ ತೆಳುವಾಗುವಷ್ಟು ಸವೆದ ಹವಾಯಿ ಚಪ್ಪಲಿಯನ್ನು ಉಂಗುಷ್ಠ ಹರಿಯುವವರೆಗೂ ಬಳಸುವ ಅಭ್ಯಾಸವನ್ನು ಮಾತ್ರ ಬಿಡಲೇಬೇಕು. ಮನೆಯೊಳಗೆ ಚಪ್ಪಲಿ ಮೆಟ್ಟುವುದನ್ನು ಒಪ್ಪದ ಮನೆಗಳಲ್ಲಿ ಅಡುಗೆಕಟ್ಟೆಯ ಮುಂದೆ ದಪ್ಪ ಚಾಪೆಯನ್ನೋ ರಬ್ಬರ್ ಹಾಸನ್ನೋ ಹಾಕಿದರೂ ನಡೆಯುತ್ತದೆ.

ಚಿಕಿತ್ಸೆಯ ಸೌಲಭ್ಯ ಸಿಕ್ಕುವುದು ಎಲ್ಲರಿಗೂ ಸುಲಭವಲ್ಲ. ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆಗಳೂ ಶೃಂಗೇರಿಯಲ್ಲಿ ಶಾರದಾ ಧನ್ವಂತರಿ ಆಸ್ಪತ್ರೆಯೂ ಇವೆಯಾದರೂ, ವಿಶೇಷ ತಜ್ಞರನ್ನು ಕಾಣಲು ಜನ ಶಿವಮೊಗ್ಗಕ್ಕೋ ಘಟ್ಟವಿಳಿದು ಮಣಿಪಾಲ, ಮಂಗಳೂರಿಗೋ ಹೋಗುತ್ತಾರೆ. ಕೊಪ್ಪದಲ್ಲಿ ಕಾರ್ಮಿಕರೇ ಕಟ್ಟಿಕೊಂಡು 1991ರಿಂದ ನಡೆಸಿದ, ಒಳಹಳ್ಳಿಗಳಿಗೂ ಬಸ್ಸು ಓಡಿಸುತ್ತಿದ್ದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ, ನೋಯುವ ಕಾಲಿಟ್ಟುಕೊಂಡು ವಾರಕ್ಕೆರಡು ಸಲ ಪೇಟೆಗೆ ಬಂದುಹೋಗುವುದು ಹಲವರಿಗೆ ಇನ್ನಷ್ಟು ಕಷ್ಟವಾಗಿದೆ. ಈ ಕಾರಣಕ್ಕೇ ಒಂದೆರಡು ಭೇಟಿಯಲ್ಲಿ ಸರಿಯಾಗಿ ಕಲಿಸಿ, ಮನೆಯಲ್ಲಿ ಮಾಡಲು ಬಿಟ್ಟು, ತಿಂಗಳಿಗೊಮ್ಮೆ ಭಾರ ಹೆಚ್ಚಿಸಿಕೊಡುವ ಪದ್ಧತಿ ಇಲ್ಲಿಗೆ ತಕ್ಕದ್ದು. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯಿದೆ ಭೌತಚಿಕಿತ್ಸಕರ ವೃತ್ತಿಗೆ ಕಾನೂನಿನ ಮನ್ನಣೆ ಕೊಟ್ಟಿರುವುದರಿಂದ, ತರಬೇತಿ ಪಡೆದವರು ಯಾರು, ಬರಿಯ ಎಣ್ಣೆ ತಿಕ್ಕುವವರು ಯಾರು ಎಂದು ಕೇಳಿ ತಿಳಿಯಲು ರೋಗಿಗೆ ಒಂದು ಆಧಾರವೂ ದೊರೆತಿದೆ.

ನೋವು ಬರದಂತೆ ನೋಡಿಕೊಳ್ಳುವುದಕ್ಕೆ ಮಲೆನಾಡಿನ ಬೇಸಾಯದ ಪಂಚಾಂಗವೇ ಸಹಾಯಕ್ಕೆ ಬರುತ್ತದೆ. ಅಂಗಾಲಿನ ಪಟ್ಟಿ ಸೋಲುವುದು ಹೆಚ್ಚಾಗಿ ದುಡಿಮೆ ಒಮ್ಮೆಗೇ ಏರಿದಾಗ: ಮಳೆಗಾಲದಲ್ಲಿ ಕಡಿಮೆ ನಡೆದ ಕಾಲುಗಳು ಅಡಿಕೆ ಕೊಯ್ಲು ಶುರುವಾದ ವಾರದಲ್ಲೇ ದಿನವಿಡೀ ಇಳಿಜಾರಿನಲ್ಲಿ ಓಡಾಡಬೇಕಾಗುತ್ತದೆ, ಅದು ಮುಗಿಯುವ ಮುಂಚೆ ಕಾಫಿ ಕೊಯ್ಲು ಬರುತ್ತದೆ. ಬಲಪಡಿಸುವ ವ್ಯಾಯಾಮಕ್ಕೆ ಮೂರು ತಿಂಗಳು ಬೇಕಾದ್ದರಿಂದ, ಕೊಯ್ಲು ನವೆಂಬರಿಗೆಂದು ಲೆಕ್ಕ ಹಾಕಿದರೆ ಶ್ರಾವಣದ ಮಳೆ ಹೊಯ್ಯುತ್ತಿರುವಾಗಲೇ ಜಗಲಿಯ ಮೆಟ್ಟಿಲ ಮೇಲೆ ಹಿಮ್ಮಡಿ ಎತ್ತುವುದನ್ನು ಆರಂಭಿಸುವುದು ಸರಿಯಾದ ಕಾಲ. ಹಿಂದಿನ ವರ್ಷ ನೋವು ಅನುಭವಿಸಿದವರು ಕೊಯ್ಲಿನ ದಿನಗಳಲ್ಲೂ ವಾರಕ್ಕೆರಡು ಸಲ ಅದನ್ನು ಉಳಿಸಿಕೊಂಡು, ಬೆಳಗಿನ ಬೆರಳೆಳೆಯುವ ವ್ಯಾಯಾಮವನ್ನು ನೋವು ಹೋದ ಮೇಲೂ ಮುಂದುವರಿಸಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ವಾರ ಅರ್ಧ ಹೊರೆಯನ್ನೇ ಕೊಡುವುದು ತೋಟದ ಮಾಲೀಕರ ಕೈಯಲ್ಲಿರುವ ಕೆಲಸ.